ಮಿನಿಮೈಸ್ ಮಾಡಿದ ವಿಂಡೋಗಳ ನಿರ್ವಹಣೆ

ಗಣಕದ ಪರದೆಯ ಮೇಲೆ ತೆರೆದ ವಿಂಡೋವನ್ನು ಮುಚ್ಚದೆ, ಅದರೊಳಗೆ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸದೆ, ಕಣ್ಣಿಗೆ ಮಾತ್ರ ಮರೆಮಾಡಿ, ಬೇಕೆಂದಾಗ ಹಿಂದಿದ್ದ ಜಾಗದಲ್ಲೇ ಹಿಂದಿದ್ದ ಅಳತೆಯಲ್ಲೇ ಮರಳಿ ತರುವ ಏರ್ಪಾಡು. ನಿತ್ಯದ ಬಳಕೆಯಲ್ಲಿ ಇದು ಶೀರ್ಷಿಕೆಪಟ್ಟಿಯ ಮೂಲೆಯಲ್ಲಿರುವ ಸಣ್ಣ ಅಡ್ಡಗೆರೆಯ ಗುಂಡಿ. ಮ್ಯಾಕ್ ಗಣಕಗಳಲ್ಲಾದರೆ ಹಳದಿ ಚುಕ್ಕೆ. ಗುಂಡಿ ಒತ್ತುವುದು ಕ್ಷಣದ ಕೆಲಸ. ವಿನ್ಯಾಸಕಾರರನ್ನು ನಾಲ್ಕು ದಶಕಗಳಿಂದ ಕಾಡಿರುವುದು ಅದರ ನಂತರದ್ದು: ಮರೆಯಾದ ವಿಂಡೋ ಎಲ್ಲಿ ಹೋಯಿತು, ಅದು ಇನ್ನೂ ಇದೆಯೆಂದು ಬಳಕೆದಾರನಿಗೆ ತಿಳಿಯುವುದು ಹೇಗೆ, ಹತ್ತಾರು ವಿಂಡೋಗಳ ನಡುವೆ ಅದನ್ನೇ ಹೆಕ್ಕಿ ತರುವ ದಾರಿ ಯಾವುದು. ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಈ ಪ್ರಶ್ನೆಗಳಿಗೆ ಕೊಟ್ಟಿರುವ ಉತ್ತರಗಳು ಒಂದರಂತೆ ಒಂದಿಲ್ಲ. ಉತ್ತರ ಸಿಗದೆ ಗುಂಡಿಯನ್ನೇ ಕಿತ್ತುಹಾಕಿದ ವ್ಯವಸ್ಥೆಯೂ ಒಂದುಂಟು.

ಆರಂಭ

ಒಂದರ ಮೇಲೊಂದು ಹರಡಿಕೊಳ್ಳುವ ವಿಂಡೋಗಳು ರೂಪುಗೊಂಡದ್ದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ, 1970ರ ದಶಕದಲ್ಲಿ. ಅಲನ್ ಕೇ ತಂಡದ ಸ್ಮಾಲ್‌ಟಾಕ್ ಪರಿಸರ ಇದರ ತವರು. ಸ್ಮಾಲ್‌ಟಾಕ್-80ರಲ್ಲಿ ವಿಂಡೋವನ್ನು ಮಡಚಿ ಬರಿಯ ಹೆಸರುಪಟ್ಟಿಯಾಗಿ ಉಳಿಸುವ ಆಜ್ಞೆ ಮೆನುವಿನಲ್ಲೇ ಇತ್ತು. 1981ರಲ್ಲಿ ಜೆರಾಕ್ಸ್ ಮಾರುಕಟ್ಟೆಗೆ ತಂದ ಸ್ಟಾರ್ ಗಣಕ ಮತ್ತೊಂದು ದಾರಿ ಹಿಡಿಯಿತು. ಅಲ್ಲಿ ಪ್ರತಿ ದಾಖಲೆಯೂ ಮೇಜಿನ ಮೇಲಿನ ಒಂದು ಐಕಾನ್. ತೆರೆದರೆ ಅದು ವಿಂಡೋ ಆಗಿ ಅರಳುತ್ತಿತ್ತು, ಐಕಾನ್ ಇದ್ದ ಜಾಗದಲ್ಲಿ ಅದರ ಖಾಲಿ ಆಕೃತಿ ಉಳಿಯುತ್ತಿತ್ತು. ಮುಚ್ಚಿದರೆ ವಿಂಡೋ ಕುಗ್ಗಿ ಅದೇ ಆಕೃತಿಯೊಳಕ್ಕೆ ಮರಳುತ್ತಿತ್ತು. ಹೀಗಾಗಿ ಸ್ಟಾರ್‌ನಲ್ಲಿ ಮುಚ್ಚುವುದಕ್ಕೂ ಮಿನಿಮೈಸ್ ಮಾಡುವುದಕ್ಕೂ ಭೇದವೇ ಇರಲಿಲ್ಲ. ಬಳಕೆದಾರನ ಎದುರಿಗಿದ್ದದ್ದು ದಾಖಲೆ. ಅದನ್ನು ನಡೆಸುವ ಪ್ರೋಗ್ರಾಂ ತೆರೆಮರೆಯಲ್ಲಿತ್ತು. ಮುಂದೆ ಪ್ರೋಗ್ರಾಂ ಮುನ್ನೆಲೆಗೆ ಬಂದು, ಅದನ್ನು ಶುರುಮಾಡುವುದು ಮತ್ತು ನಿಲ್ಲಿಸುವುದು ಬಳಕೆದಾರನ ಹೊಣೆಯಾದಾಗಲೇ ‘ನಿಲ್ಲಿಸಬೇಡ, ಆದರೆ ಕಣ್ಣೆದುರು ಇರಬೇಡ’ ಎಂಬ ಮೂರನೆಯ ಸ್ಥಿತಿ ಬೇಕಾಯಿತು. ಮಿನಿಮೈಸ್ ಎಂಬುದು ಆ ಬೇಡಿಕೆಯ ಕೂಸು.

ಈ ಕಾಲದ ಪ್ರಯೋಗಗಳಲ್ಲಿ ಇಂದು ಬಹುತೇಕ ಮರೆತುಹೋಗಿರುವುದೂ ಹೆಚ್ಚು ಗಮನಾರ್ಹವೂ ಆದದ್ದು ಬ್ರಾಡ್ ಮೈಯರ್ಸ್ ಪರ್ಕ್ ಗಣಕಕ್ಕಾಗಿ ರೂಪಿಸಿದ ಸಫೈರ್. 1984ರಲ್ಲಿ ಪ್ರಕಟವಾದ ಅದರ ವಿವರಣೆಯಂತೆ, ಕುಗ್ಗಿಸಿದ ವಿಂಡೋದ ಐಕಾನ್ ಸುಮ್ಮನೆ ಕೂರುತ್ತಿರಲಿಲ್ಲ: ಒಳಗಿನ ಕೆಲಸ ಎಷ್ಟು ಮುಗಿದಿದೆ ಎಂಬುದನ್ನು ಪಟ್ಟಿಯಾಗಿ ತೋರಿಸುತ್ತಿತ್ತು, ತಪ್ಪಾದರೆ, ಬಳಕೆದಾರನ ಗಮನ ಬೇಕಾದರೆ ಅದನ್ನೂ ಸೂಚಿಸುತ್ತಿತ್ತು. ಮರೆಯಾದ ವಿಂಡೋದ ಬಗ್ಗೆ ಬಳಕೆದಾರ ತಿಳಿಯಬಯಸುವುದು ಇದನ್ನೇ. ಟಾಸ್ಕ್‌ಬಾರ್‌ನ ಗುಂಡಿಯೊಳಗೇ ಹಸಿರು ಪ್ರಗತಿಪಟ್ಟಿ ಹರಿಯುವುದನ್ನು ಸಾಮಾನ್ಯ ಬಳಕೆದಾರರು ನೋಡಿದ್ದು 2009ರ ವಿಂಡೋಸ್ 7ರಲ್ಲಿ, ಅಂದರೆ ಕಾಲು ಶತಮಾನದ ಬಳಿಕ.

ವಿಂಡೋಸ್: ತಳದ ಸಾಲಿನಿಂದ ಟಾಸ್ಕ್‌ಬಾರ್‌ಗೆ

ಮೈಕ್ರೋಸಾಫ್ಟ್‌ನ ವಿಂಡೋಸ್ 1.0 ಹೊರಬಂದದ್ದು 1985ರ ನವೆಂಬರ್‌ನಲ್ಲಿ. ಅದರಲ್ಲಿ ವಿಂಡೋಗಳು ಪಕ್ಕಪಕ್ಕ ಹೊಂದಿಕೊಂಡು ಕೂರುತ್ತಿದ್ದವು, ಒಂದು ಇನ್ನೊಂದನ್ನು ಮುಚ್ಚುತ್ತಿರಲಿಲ್ಲ. ಪರದೆಯ ತಳದ ಒಂದು ಪಟ್ಟಿ ಕುಗ್ಗಿಸಿದ ಪ್ರೋಗ್ರಾಂಗಳ ಐಕಾನ್‌ಗಳಿಗೆ ಮೀಸಲು. ಈ ಪಟ್ಟಿ ಸಾಮಾನ್ಯವಾಗಿ ಕಣ್ಣೆದುರೇ ಇರುತ್ತಿದ್ದರಿಂದ ವಿಂಡೋ ಕಳೆದುಹೋಗುವ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. 1987ರ ಎರಡನೆಯ ಆವೃತ್ತಿ ವಿಂಡೋಗಳು ಒಂದರ ಮೇಲೊಂದು ಬರಲು ಅವಕಾಶ ಕೊಟ್ಟಿತು. ಮಿನಿಮೈಸ್, ಮ್ಯಾಕ್ಸಿಮೈಸ್ ಎಂಬ ಹೆಸರುಗಳು ನೆಲೆನಿಂತದ್ದೂ ಆಗಲೇ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಅದು ಪೂರ್ತಿ ಬಯಲಾದದ್ದು 1990ರ ವಿಂಡೋಸ್ 3.0 ಲಕ್ಷಗಟ್ಟಲೆ ಮೇಜುಗಳಿಗೆ ವಿಂಡೋಸನ್ನು ಒಯ್ಯತೊಡಗಿದ ಮೇಲೆ. ಮಿನಿಮೈಸ್ ಆದ ಪ್ರೋಗ್ರಾಂ ಡೆಸ್ಕ್‌ಟಾಪಿನ ತಳದಲ್ಲಿ ಐಕಾನ್ ಆಗಿ ಕೂರುತ್ತಿತ್ತೇನೋ ನಿಜ, ಆದರೆ ಅದರ ಮೇಲೆ ಬೇರೆ ವಿಂಡೋಗಳು ಹರಡಿಕೊಂಡಿರುತ್ತಿದ್ದವು. ಜೊತೆಗೆ ಪ್ರೋಗ್ರಾಂ ಮ್ಯಾನೇಜರ್ ಎಂಬ ವಿಂಡೋದೊಳಗೂ ಅಂಥದೇ ಐಕಾನ್ ಇರುತ್ತಿತ್ತು. ಒಂದು ‘ಶುರುಮಾಡು’ ಎನ್ನುವ ಐಕಾನ್, ಇನ್ನೊಂದು ‘ಈಗಾಗಲೇ ನಡೆಯುತ್ತಿದೆ’ ಎನ್ನುವ ಐಕಾನ್. ನೋಟಕ್ಕೆ ಎರಡೂ ಒಂದೇ. ಬರೆಯುತ್ತಿದ್ದ ಪತ್ರ ಕಾಣದಾಯಿತೆಂದು ಹೊಸಬ ಪ್ರೋಗ್ರಾಂ ಮ್ಯಾನೇಜರ್‌ನಲ್ಲಿ ಮತ್ತೆ ಡಬಲ್ ಕ್ಲಿಕ್ ಮಾಡಿದರೆ ಪ್ರೋಗ್ರಾಂನ ಎರಡನೆಯ ಪ್ರತಿ ತೆರೆದುಕೊಂಡು ಖಾಲಿ ಹಾಳೆ ತೋರಿಸುತ್ತಿತ್ತು. ಕಂಟ್ರೋಲ್-ಎಸ್ಕೇಪ್ ಒತ್ತಿದರೆ ಬರುವ ಟಾಸ್ಕ್ ಲಿಸ್ಟ್, ಆಲ್ಟ್-ಟ್ಯಾಬ್ ಇವೆರಡೂ ಪರಿಹಾರವೇ. ಆದರೆ ಅವು ಗೊತ್ತಿದ್ದವರಿಗೆ ಗೊತ್ತಿದ್ದ ಗುಟ್ಟುಗಳು. ಆ ಕಾಲದ ಐಕಾನ್‌ಗಳಲ್ಲಿ ಒಂದು ಸೊಗಸೂ ಇತ್ತು. ಕುಗ್ಗಿದ ಪ್ರೋಗ್ರಾಂ ತನ್ನ ಐಕಾನ್‌ನ ಚಿತ್ರವನ್ನು ತಾನೇ ಬರೆದುಕೊಳ್ಳಬಹುದಿತ್ತು, ಹಾಗಾಗಿ ಮಿನಿಮೈಸ್ ಮಾಡಿದ ಗಡಿಯಾರ ಪರದೆಯ ತಳದಲ್ಲೂ ಹೊತ್ತು ತೋರಿಸುತ್ತಲೇ ಇರುತ್ತಿತ್ತು.

ವಿಂಡೋಸ್ 95ರ ಟಾಸ್ಕ್‌ಬಾರ್ ಹುಟ್ಟಿದ್ದು ಈ ಗೊಂದಲದಿಂದ. ಅದರ ತಯಾರಿಯಲ್ಲಿ ಮೈಕ್ರೋಸಾಫ್ಟ್ ಹೊಸಬರನ್ನೂ ನುರಿತವರನ್ನೂ ಪ್ರಯೋಗಾಲಯದಲ್ಲಿ ಕೂರಿಸಿ ಗಮನಿಸಿತು. ಆ ಅನುಭವವನ್ನು ತಂಡದ ಕೆಂಟ್ ಸಲಿವನ್ 1996ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಹೊರಬಂದ ಪರಿಹಾರ ಸರಳ: ತೆರೆದಿರುವ ಪ್ರತಿ ವಿಂಡೋಗೂ, ಅದು ಕಾಣುತ್ತಿರಲಿ ಮರೆಯಾಗಿರಲಿ, ಪರದೆಯ ಅಂಚಿನಲ್ಲಿ ಒಂದು ಗುಂಡಿ. ವಿಂಡೋ ಮರೆಯಾದರೂ ಗುಂಡಿ ಅಲ್ಲೇ. ಮಿನಿಮೈಸ್ ಮಾಡಿದಾಗ ಶೀರ್ಷಿಕೆಪಟ್ಟಿ ಜಾರಿಕೊಂಡು ಹೋಗಿ ಆ ಗುಂಡಿಯೊಳಗೆ ಸೇರುವ ಚಲನೆಯನ್ನೂ ಸೇರಿಸಲಾಯಿತು. ಅದು ಅಲಂಕಾರವೆಂದು ಬಗೆದವರು ಬಹಳ ಮಂದಿ. ವಾಸ್ತವದಲ್ಲಿ ‘ನಾನು ಹೋದದ್ದು ಇಲ್ಲಿಗೆ’ ಎಂದು ವಿಂಡೋ ತನ್ನ ವಿಳಾಸ ಕೊಟ್ಟುಹೋಗುವ ಬಗೆ ಅದು. ಡೆಸ್ಕ್‌ಟಾಪ್ ಗಣಕದ ಇತಿಹಾಸದಲ್ಲಿ ಇಷ್ಟು ಕಾಲ ಬಾಳಿದ, ಇಷ್ಟು ಕಡಿಮೆ ವಿವರಣೆ ಬೇಡಿದ ಉಪಾಯಗಳು ವಿರಳ.

ಅದಕ್ಕೂ ಮಿತಿಯಿತ್ತು. ವಿಂಡೋಗಳು ಹೆಚ್ಚಿದಂತೆ ಗುಂಡಿಗಳು ಕಿರಿದಾಗಿ, ಕೊನೆಗೆ ಒಂದೆರಡು ಅಕ್ಷರವೂ ಕಾಣದಂತಾಗುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಒಂದೇ ಪ್ರೋಗ್ರಾಂನ ಗುಂಡಿಗಳನ್ನು ಒಟ್ಟುಗೂಡಿಸಿತು. ವಿಂಡೋಸ್ ವಿಸ್ತಾದಲ್ಲಿ ಗುಂಡಿಯ ಮೇಲೆ ಮೌಸ್ ಇಟ್ಟರೆ ವಿಂಡೋದ ಪುಟ್ಟ ಚಿತ್ರ ಮೂಡತೊಡಗಿತು. ವಿಂಡೋಸ್ 7 ಹೆಸರುಗಳನ್ನೇ ತೆಗೆದು ಐಕಾನ್ ಮಾತ್ರ ಉಳಿಸಿತು, ಅಷ್ಟೇ ಅಲ್ಲ, ಪ್ರೋಗ್ರಾಂ ಶುರುಮಾಡುವ ಐಕಾನ್ ಮತ್ತು ನಡೆಯುತ್ತಿರುವ ಪ್ರೋಗ್ರಾಂನ ಗುಂಡಿ ಎರಡನ್ನೂ ಒಂದೇ ಮಾಡಿತು. 3.0ರ ಕಾಲದ ಹಳೆಯ ಗೊಂದಲ ಇನ್ನೊಂದು ವೇಷದಲ್ಲಿ ಮರಳಬಹುದಿತ್ತು. ಮರಳಲಿಲ್ಲ, ಏಕೆಂದರೆ ನಡೆಯುತ್ತಿರುವುದರ ಮೇಲೆ ಕ್ಲಿಕ್ ಮಾಡಿದರೆ ಹೊಸ ಪ್ರತಿಯ ಬದಲು ಇರುವ ವಿಂಡೋವೇ ಬರುತ್ತಿತ್ತು. ಆದರೂ ಏಳೆಂಟು ಕಡತಗಳನ್ನು ಏಕಕಾಲಕ್ಕೆ ತೆರೆದು ಕೆಲಸಮಾಡುವವರಿಗೆ ಹೆಸರಿಲ್ಲದ ಐಕಾನ್ ಸಾಲದು. 2021ರ ವಿಂಡೋಸ್ 11 ಗುಂಡಿಗಳನ್ನು ಬಿಡಿಬಿಡಿಯಾಗಿ ಹೆಸರಿನೊಡನೆ ತೋರಿಸುವ ಆಯ್ಕೆಯನ್ನೇ ಕೈಬಿಟ್ಟಿತ್ತು. ಬಳಕೆದಾರರ ಒತ್ತಾಯದ ನಂತರ 2023ರಲ್ಲಿ ಅದು ಮರಳಿತು.

ಎಲ್ಲವನ್ನೂ ಒಮ್ಮೆಗೇ ಮರೆಮಾಡುವ ಆಜ್ಞೆಗಳದು ಬೇರೆಯೇ ಕಥೆ. ವಿಂಡೋಸ್ ಕೀಲಿಯೊಡನೆ ಎಂ ಒತ್ತಿದರೆ ಮಿನಿಮೈಸ್ ಮಾಡಬಹುದಾದ ಎಲ್ಲ ವಿಂಡೋಗಳೂ ಮಿನಿಮೈಸ್ ಆಗುತ್ತವೆ. ಆ ಗುಂಡಿಯಿಲ್ಲದ ಸಂವಾದಪೆಟ್ಟಿಗೆಗಳು ಹಾಗೇ ನಿಲ್ಲುತ್ತವೆ. ಅದೇ ಕೀಲಿಯೊಡನೆ ಡಿ ಒತ್ತಿದರೆ ಎಲ್ಲವೂ ಮಾಯವಾಗಿ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ, ಇನ್ನೊಮ್ಮೆ ಒತ್ತಿದರೆ ಎಲ್ಲವೂ ಇದ್ದಂತೆ ಮರಳುತ್ತವೆ. ನಡುವೆ ಹೊಸ ವಿಂಡೋ ತೆರೆದರೆ ಮಾತ್ರ ಆ ‘ಇದ್ದಂತೆ’ ಎಂಬ ನೆನಪು ಅಳಿಸಿಹೋಗುತ್ತದೆ. ಕಚೇರಿಯಲ್ಲಿ ಮೇಲಧಿಕಾರಿಯ ಹೆಜ್ಜೆ ಸಪ್ಪಳ ಕೇಳಿದಾಗ ಒತ್ತುವ ಕೀಲಿ ಇದೇ ಎಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಒಂದು ವಿಂಡೋದ ಶೀರ್ಷಿಕೆಪಟ್ಟಿ ಹಿಡಿದು ಅಲುಗಿಸಿದರೆ ಉಳಿದವೆಲ್ಲ ಮಿನಿಮೈಸ್ ಆಗುವ ಸೌಲಭ್ಯವನ್ನು ವಿಂಡೋಸ್ 7 ತಂದಿತ್ತು. ಬೇಡದಿದ್ದಾಗಲೂ ಕೈ ಅಲುಗಿ ಪರದೆ ಬರಿದಾಗುವ ಈ ಸೌಲಭ್ಯ ವಿಂಡೋಸ್ 11ರಲ್ಲಿ ತಾನಾಗಿ ಚಾಲೂ ಇರುವುದಿಲ್ಲ.

ಮ್ಯಾಕ್: ಮಿನಿಮೈಸ್ ಇಲ್ಲದ ಕಾಲ, ಹಳದಿ ಗುಂಡಿಯ ಕಾಲ

1984ರ ಮೂಲ ಮ್ಯಾಕಿಂಟಾಷ್‌ನಲ್ಲಿ ಮಿನಿಮೈಸ್ ಇರಲಿಲ್ಲ. ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಸುವ ಗಣಕಕ್ಕೆ ಅದರ ಅಗತ್ಯವೂ ಇರಲಿಲ್ಲ. ಹಲವು ಪ್ರೋಗ್ರಾಂಗಳು ಒಟ್ಟಿಗೆ ನಡೆಯತೊಡಗಿದ ಮೇಲೆ ಬಂದ ಪರಿಹಾರ ವಿಂಡೋಶೇಡ್: ಶೀರ್ಷಿಕೆಪಟ್ಟಿಯನ್ನು ಡಬಲ್ ಕ್ಲಿಕ್ ಮಾಡಿದರೆ ವಿಂಡೋ ಸುರುಳಿಯಂತೆ ಮೇಲಕ್ಕೆ ಸುತ್ತಿಕೊಂಡು ಪಟ್ಟಿ ಮಾತ್ರ ಇದ್ದಲ್ಲೇ ಉಳಿಯುತ್ತಿತ್ತು. ಹೊರಗಿನವರೊಬ್ಬರು ಬರೆದ ಈ ಪುಟ್ಟ ಸಲಕರಣೆಯನ್ನು ಆಪಲ್ 1994ರ ಸಿಸ್ಟಂ 7.5ರಲ್ಲಿ ಸೇರಿಸಿಕೊಂಡಿತು, 1997ರ ಮ್ಯಾಕ್ ಓಎಸ್ 8ರಲ್ಲಿ ಅದಕ್ಕೊಂದು ಗುಂಡಿಯೂ ಬಂತು. ವಿಂಡೋ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ‘ಎಲ್ಲೂ ಹೋಗಲಿಲ್ಲ’ ಎನ್ನುವ ಉತ್ತರವಿದು. ಜಾಗ ಪೂರ್ತಿ ತೆರವಾಗದಿದ್ದರೂ ಹುಡುಕುವ ಶ್ರಮವಿಲ್ಲ.

ಸ್ಟೀವ್ ಜಾಬ್ಸ್ ಆಪಲ್ ಬಿಟ್ಟು ಕಟ್ಟಿದ ನೆಕ್ಸ್ಟ್ ಕಂಪನಿಯ ಗಣಕದಲ್ಲಿ ಈ ಹೊತ್ತಿಗಾಗಲೇ ಬೇರೊಂದು ಪದ್ಧತಿ ಇತ್ತು. ಕುಗ್ಗಿಸಿದ ವಿಂಡೋ ಪರದೆಯ ತಳದಲ್ಲಿ ಪುಟ್ಟ ಚೌಕವಾಗಿ ಕೂರುತ್ತಿತ್ತು, ಪ್ರೋಗ್ರಾಂಗಳ ಐಕಾನ್‌ಗಳು ಬಲಬದಿಯ ಡಾಕ್‌ನಲ್ಲಿರುತ್ತಿದ್ದವು. ಆಪಲ್ ನೆಕ್ಸ್ಟನ್ನು ಕೊಂಡುಕೊಂಡ ಬಳಿಕ 2001ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್‌ನಲ್ಲಿ ಇವೆರಡೂ ಒಂದೇ ಡಾಕ್‌ನಲ್ಲಿ ಸೇರಿಕೊಂಡವು. ಹಳದಿ ಗುಂಡಿ ಒತ್ತಿದರೆ ವಿಂಡೋ ದೀಪದೊಳಗೆ ಸೇರುವ ಭೂತದಂತೆ ಬಳುಕಿ ಡಾಕ್‌ನೊಳಗೆ ಇಳಿಯುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಶಿಫ್ಟ್ ಕೀಲಿ ಹಿಡಿದು ಒತ್ತಿದರೆ ಅದೇ ಚಲನೆ ನಿಧಾನವಾಗಿ ನಡೆಯುತ್ತಿತ್ತು. ಉಪಯೋಗ ಏನೂ ಇರಲಿಲ್ಲ, ನೋಡಲು ಚಂದ.

ಮ್ಯಾಕ್‌ನಲ್ಲಿ ಹೊಸಬರನ್ನು ಮುಗ್ಗರಿಸುವುದು ಪ್ರೋಗ್ರಾಂ ಮತ್ತು ವಿಂಡೋ ಬೇರೆಬೇರೆ ಎಂಬ ಅದರ ತತ್ವ. ಕಮಾಂಡ್-ಎಂ ಒಂದು ವಿಂಡೋವನ್ನು ಮಿನಿಮೈಸ್ ಮಾಡಿದರೆ, ಕಮಾಂಡ್-ಎಚ್ ಇಡೀ ಪ್ರೋಗ್ರಾಂನ ಎಲ್ಲ ವಿಂಡೋಗಳನ್ನು ಅಡಗಿಸುತ್ತದೆ. ಅಡಗಿಸಿದ್ದು ಕಮಾಂಡ್-ಟ್ಯಾಬ್ ಒತ್ತಿದರೆ ತಾನಾಗಿ ಮರಳುತ್ತದೆ. ಮಿನಿಮೈಸ್ ಮಾಡಿದ್ದು ಹಾಗೆ ಬರುವುದಿಲ್ಲ: ಪ್ರೋಗ್ರಾಂ ಮುಂದೆ ಬಂದು ಮೆನುಪಟ್ಟಿ ಬದಲಾದರೂ ವಿಂಡೋ ಡಾಕ್‌ನಲ್ಲೇ ಕೂತಿರುತ್ತದೆ. ಕಮಾಂಡ್ ಕೀಲಿ ಬಿಡುವ ಮುನ್ನ ಆಪ್ಷನ್ ಕೀಲಿ ಒತ್ತಿಹಿಡಿಯಬೇಕೆಂಬುದನ್ನು ಯಾರಾದರೂ ಹೇಳಿಕೊಟ್ಟರೇ ತಿಳಿಯಬೇಕು. ವಿಂಡೋಸ್‌ನಿಂದ ಬಂದವರು ಹಳದಿ ಗುಂಡಿಯನ್ನೇ ನೆಚ್ಚಿಕೊಳ್ಳುವುದೂ, ಮ್ಯಾಕ್‌ನಲ್ಲಿ ಪಳಗಿದವರು ಕಮಾಂಡ್-ಎಚ್ ಬಳಸುವುದೂ ಈ ಕಾರಣಕ್ಕೆ. 2003ರಲ್ಲಿ ಬಂದ ಎಕ್ಸ್‌ಪೋಸೆ ಎಲ್ಲ ವಿಂಡೋಗಳನ್ನೂ ಕುಗ್ಗಿಸಿ ಒಟ್ಟಿಗೆ ಹರಡಿ ತೋರಿಸಿ ಮಿನಿಮೈಸ್‌ನ ಅಗತ್ಯವನ್ನೇ ಅರ್ಧ ಇಳಿಸಿತು. 2022ರ ಸ್ಟೇಜ್ ಮ್ಯಾನೇಜರ್ ಕೈಯಲ್ಲಿರುವ ಕೆಲಸವನ್ನು ನಡುವೆ ಇಟ್ಟು ಉಳಿದವುಗಳನ್ನು ಎಡಬದಿಯಲ್ಲಿ ಚಿಕ್ಕದಾಗಿ ಜೋಡಿಸುತ್ತದೆ. ಇದನ್ನೇ ಹೋಲುವ ಯೋಚನೆ ಮೈಕ್ರೋಸಾಫ್ಟ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಸ್ಕೇಲಬಲ್ ಫ್ಯಾಬ್ರಿಕ್‌ನಲ್ಲಿತ್ತು: ಪರದೆಯ ಅಂಚಿಗೆ ಸರಿಸಿದ ವಿಂಡೋ ಮಾಯವಾಗದೆ ಚಿಕ್ಕದಾಗಿ ಅಲ್ಲೇ ಉಳಿಯುತ್ತಿತ್ತು.

ಯುನಿಕ್ಸ್, ಲಿನಕ್ಸ್ ಮತ್ತು ಗ್ನೋಮ್ ವಿವಾದ

1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ವ್ಯವಸ್ಥೆ ವಿಂಡೋ ನಿರ್ವಹಣೆಯನ್ನು ತನ್ನಿಂದ ಹೊರಗಿಟ್ಟಿತು. ಅದು ವಿಂಡೋ ಮ್ಯಾನೇಜರ್ ಎಂಬ ಪ್ರತ್ಯೇಕ ಪ್ರೋಗ್ರಾಂನ ಪಾಲು. ಹಾಗಾಗಿ ಅಭಿರುಚಿಗೊಂದು ಪದ್ಧತಿ ಹುಟ್ಟಿತು. ಟಾಮ್ ಲಾಸ್ಟ್ರೇಂಜ್ ಬರೆದ ಟ್ವಿಮ್‌ನಲ್ಲಿ ವಿಂಡೋಗಳ ಹೆಸರುಗಳನ್ನು ಸಾಲಾಗಿ ತೋರಿಸುವ ಐಕಾನ್ ಮ್ಯಾನೇಜರ್ ಇತ್ತು, ಒಂದರ್ಥದಲ್ಲಿ ಟಾಸ್ಕ್‌ಬಾರ್‌ನ ಹಿರಿಯಣ್ಣ. ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಇನ್ನೂ ಮಿತವ್ಯಯಿ. ಅಲ್ಲಿ ಅಡಗಿಸಿದ ವಿಂಡೋಗಳಿಗೆ ಐಕಾನೂ ಇಲ್ಲ, ಪಟ್ಟಿಯೂ ಇಲ್ಲ. ಮೌಸ್‌ನ ಬಲಗುಂಡಿಯ ಮೆನುವಿನಲ್ಲಿ ಹೆಸರಷ್ಟೇ ಸೇರಿಕೊಳ್ಳುತ್ತದೆ.

ವಿಂಡೋಗಳನ್ನು ಮರೆಮಾಡುವ ಬದಲು ಪರದೆಗಳನ್ನೇ ಹೆಚ್ಚಿಸುವ ಯೋಚನೆಯೂ ಹಳೆಯದು. ಜೆರಾಕ್ಸ್ ಪಾರ್ಕ್‌ನ ಸ್ಟುವರ್ಟ್ ಕಾರ್ಡ್ ಮತ್ತು ಆಸ್ಟಿನ್ ಹೆಂಡರ್‌ಸನ್ 1980ರ ದಶಕದ ನಡುವಿನಲ್ಲಿ ರೂಪಿಸಿದ ರೂಮ್ಸ್‌ನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ‘ಕೋಣೆ’. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಈ ಪದ್ಧತಿಯನ್ನು ಬಹಳ ಮೊದಲೇ ಅಪ್ಪಿಕೊಂಡವು. ವಿಂಡೋಸ್ ಬಳಕೆದಾರರಿಗೆ ಅದು ಹೊರಗಿನ ಸಲಕರಣೆಯಿಲ್ಲದೆ ಕೈಗೆಟುಕಿದ್ದು 2015ರ ವಿಂಡೋಸ್ 10ರಲ್ಲಿ.

ಈ ತರ್ಕವನ್ನು ತುದಿಯವರೆಗೆ ಎಳೆದದ್ದು ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಗ್ನೋಮ್ 3. 2011ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಅದರ ಶೀರ್ಷಿಕೆಪಟ್ಟಿಯಲ್ಲಿ ಮುಚ್ಚುವ ಗುಂಡಿ ಮಾತ್ರ ಉಳಿದಿತ್ತು. ಹೊಸ ವಿನ್ಯಾಸದಲ್ಲಿ ಟಾಸ್ಕ್‌ಬಾರ್ ಇಲ್ಲ, ಸದಾ ಕಾಣುವ ಡಾಕ್ ಇಲ್ಲ. ಮಿನಿಮೈಸ್ ಆದ ವಿಂಡೋ ಹೋಗಿ ಕೂರಲು ಜಾಗವೇ ಇಲ್ಲದ ಮೇಲೆ ಗುಂಡಿ ಏಕೆ ಎಂಬುದು ವಿನ್ಯಾಸಕಾರರ ವಾದ. ವಾದ ಸುಸಂಬದ್ಧ, ಬಳಕೆದಾರರ ಕೈಗಳಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಸೂಪರ್ ಕೀಲಿಯೊಡನೆ ಎಚ್ ಒತ್ತಿ ಮರೆಮಾಡುವ ದಾರಿಯನ್ನು ಗ್ನೋಮ್ ಉಳಿಸಿಕೊಂಡಿದೆ, ಟ್ವೀಕ್ಸ್ ಎಂಬ ಸಲಕರಣೆಯಿಂದ ಗುಂಡಿಯನ್ನೂ ಮರಳಿ ತರಬಹುದು. ಗ್ನೋಮನ್ನೇ ಬಳಸುವ ಉಬುಂಟು ಡಾಕ್ ಮತ್ತು ಗುಂಡಿ ಎರಡನ್ನೂ ಇಟ್ಟುಕೊಂಡೇ ಬರುತ್ತದೆ. ಗ್ನೋಮ್‌ನವರ ರೋಗನಿರ್ಣಯ ಸರಿಯಿತ್ತು, ಚಿಕಿತ್ಸೆ ಅತಿಯಾಯಿತು ಎನ್ನಬಹುದು.

ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಪ್ರೋಗ್ರಾಂ ‘ನನ್ನನ್ನು ಮಿನಿಮೈಸ್ ಮಾಡು’ ಎಂದು ಕೋರಬಹುದು, ಅಷ್ಟೇ. ಕೋರಿಕೆ ನಡೆಯಿತೇ ಎಂದು ತಿಳಿಯುವ ದಾರಿಯಾಗಲಿ, ತನ್ನನ್ನು ತಾನೇ ಮರಳಿ ತಂದುಕೊಳ್ಳುವ ದಾರಿಯಾಗಲಿ ಆ ಸಾಮಾನ್ಯ ನಿಯಮಾವಳಿಯಲ್ಲಿ ಇಲ್ಲ. ಮರಳಿ ತರುವ ಹಕ್ಕು ಬಳಕೆದಾರನಿಗೂ ಡೆಸ್ಕ್‌ಟಾಪಿಗೂ ಸೇರಿದ್ದು.

ಮರೆಯಲ್ಲಿ ನಡೆಯುವುದೇನು

ವಿಂಡೋಸ್‌ನ ಒಳಗೆ ಮಿನಿಮೈಸ್ ಆದ ವಿಂಡೋ ನಾಶವಾಗುವುದಿಲ್ಲ. ಅದರ ಸ್ಥಾನ ಅಡ್ಡಕ್ಕೂ ಉದ್ದಕ್ಕೂ -32000 ಎಂಬ, ಯಾವ ಪರದೆಗೂ ಎಟುಕದ ಬಿಂದುವಿಗೆ ಬದಲಾಗುತ್ತದೆ. ಮರಳಬೇಕಾದ ಜಾಗ ಮತ್ತು ಅಳತೆ ಬೇರೆಡೆ ದಾಖಲಾಗಿರುತ್ತವೆ. ಮುಚ್ಚುವಾಗ ತನ್ನ ಸ್ಥಾನವನ್ನು ಉಳಿಸಿಟ್ಟುಕೊಳ್ಳುವ ಪ್ರೋಗ್ರಾಂ ಈ ಸೂಕ್ಷ್ಮ ಮರೆತರೆ, ಮುಂದಿನ ಸಲ ತೆರೆದಾಗ -32000ರಲ್ಲೇ ತೆರೆದುಕೊಂಡು ಬಳಕೆದಾರನನ್ನು ಕಂಗೆಡಿಸುತ್ತದೆ.

ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ ಮಿನಿಮೈಸ್ ಮಾಡಿದೊಡನೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಅಂಕಿ ಧುತ್ತನೆ ಕುಸಿಯುತ್ತಿತ್ತು. ಇದನ್ನು ಉಳಿತಾಯವೆಂದು ನಂಬಿದವರು ಹಲವರು. ಆಗುತ್ತಿದ್ದದ್ದಾದರೂ ಇಷ್ಟೆ: ಪ್ರೋಗ್ರಾಂ ಹಿಡಿದಿದ್ದ ಮೆಮೊರಿ ಪುಟಗಳನ್ನು ಆಪರೇಟಿಂಗ್ ಸಿಸ್ಟಂ ಕಸಿದುಕೊಳ್ಳುತ್ತಿತ್ತು, ವಿಂಡೋ ಮರಳಿ ತೆರೆದಾಗ ಅವನ್ನೆಲ್ಲ ಮತ್ತೆ ತರಬೇಕಾಗಿ ಪ್ರೋಗ್ರಾಂ ತಡವರಿಸುತ್ತಿತ್ತು. ಈಗಿನ ಉಳಿತಾಯ ನಡೆಯುವುದು ಬೇರೆ ಕಡೆ. ಮಿನಿಮೈಸ್ ಆದ ಬ್ರೌಸರ್‌ನಲ್ಲಿ ಪುಟಗಳ ಚಲನಚಿತ್ರಣ ನಿಲ್ಲುತ್ತದೆ, ಕಾಲಸೂಚಕಗಳು ಸೆಕೆಂಡಿಗೊಮ್ಮೆಗಿಂತ ಹೆಚ್ಚು ಸಲ ಓಡುವುದಿಲ್ಲ. 2021ರಿಂದ ಕ್ರೋಮ್ ಬಹಳ ಹೊತ್ತು ಮರೆಯಲ್ಲಿರುವ ಪುಟಗಳನ್ನು ನಿಮಿಷಕ್ಕೊಮ್ಮೆಗೆ ಇಳಿಸಿದೆ. ಮ್ಯಾಕ್ 2013ರಿಂದ ಮರೆಯಲ್ಲಿರುವ ಪ್ರೋಗ್ರಾಂಗಳನ್ನು ತೂಕಡಿಸಲು ಬಿಡುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿಗೆ ಇದು ಹಿತ. ಮಿನಿಮೈಸ್ ಆದರೂ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ ಎಂಬ ಹಳೆಯ ಭರವಸೆ ಮಾತ್ರ ಈಗ ಅಕ್ಷರಶಃ ನಿಜವಲ್ಲ. ಆನ್‌ಲೈನ್ ಸಭೆಯಲ್ಲಿ ಒಂದೇ ವಿಂಡೋವನ್ನು ಹಂಚಿಕೊಂಡು, ಅದನ್ನು ಮಿನಿಮೈಸ್ ಮಾಡಿ ಪಾಠ ಮುಂದುವರಿಸುವ ಅಧ್ಯಾಪಕರು ನೋಡುಗರಿಗೆ ನಿಂತುಹೋದ ಚಿತ್ರ ತೋರಿಸುತ್ತಿರಬಹುದು.

ಗಡಿಯಾರದ ಪಕ್ಕದ ಮೂಲೆ ಇನ್ನೊಂದು ಅಡಗುತಾಣ. ವಿಂಡೋಸ್ 95 ಅದನ್ನು ಸೂಚನೆಗಳಿಗಾಗಿ ಮಾಡಿತ್ತು. ಸದಾ ನಡೆಯುತ್ತಿರಬೇಕಾದ, ಟಾಸ್ಕ್‌ಬಾರ್‌ನಲ್ಲಿ ಜಾಗ ತಿನ್ನಬಾರದ ಪ್ರೋಗ್ರಾಂಗಳು ಬೇಗನೆ ಅಲ್ಲಿ ನೆಲೆಸಿದವು. ಕನ್ನಡದಲ್ಲಿ ಗಣಕ ಬಳಸಿದವರಿಗೆ ಈ ಮೂಲೆ ಚಿರಪರಿಚಿತ. 1998ರಲ್ಲಿ ಮೊದಲು ಬಂದ ಬರಹ ತಂತ್ರಾಂಶದ ಸಂಗಾತಿ ಬರಹ ಡೈರೆಕ್ಟ್ ಕೂರುತ್ತಿದ್ದದ್ದು ಅಲ್ಲೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಡಿಟಿಪಿ ಕೇಂದ್ರಗಳಲ್ಲಿ ಬೆಳಿಗ್ಗೆ ತೆರೆದು ಮರೆಗೆ ಸರಿಸಿದರೆ ಸಂಜೆಯವರೆಗೂ ಅದರ ಮುಖ ನೋಡುವ ಅಗತ್ಯವಿಲ್ಲ, ಆದರೆ ಅದನ್ನು ಮುಚ್ಚಿದ ಕ್ಷಣ ಕೀಲಿಮಣೆ ಇಂಗ್ಲಿಷಿಗೆ ಮರಳುತ್ತದೆ. ಮರೆಯಲ್ಲಿದ್ದೇ ದುಡಿಯುವ ತಂತ್ರಾಂಶಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಇದೇ ಮೂಲೆಯ ದುರ್ಬಳಕೆಯೂ ಉಂಟು. ಮುಚ್ಚುವ ಗುಂಡಿ ಒತ್ತಿದರೂ ನಿಲ್ಲದೆ ಮೂಲೆ ಸೇರಿ ನಡೆಯುತ್ತಲೇ ಇರುವ ಸಂದೇಶ ತಂತ್ರಾಂಶಗಳು ಮುಚ್ಚುವುದು ಮತ್ತು ಮಿನಿಮೈಸ್ ಮಾಡುವುದರ ನಡುವಿನ ಗೆರೆಯನ್ನು ಅಳಿಸಿಹಾಕಿವೆ.

ಕಳೆದುಹೋದ ವಿಂಡೋಗಳು

ಟಾಸ್ಕ್‌ಬಾರ್‌ನಲ್ಲಿ ಗುಂಡಿಯಿದ್ದೂ ಕ್ಲಿಕ್ ಮಾಡಿದಾಗ ವಿಂಡೋ ಕಾಣದಿದ್ದರೆ, ಅದು ಮಿನಿಮೈಸ್ ಆಗಿಲ್ಲ, ಪರದೆಯ ಹೊರಗೆ ತೆರೆದುಕೊಂಡಿದೆ ಎಂದೇ ಸಾಮಾನ್ಯವಾಗಿ ಅರ್ಥ. ಎರಡನೆಯ ಮಾನಿಟರ್ ಕಳಚಿದ ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚು. ಆಲ್ಟ್-ಟ್ಯಾಬ್‌ನಿಂದ ಆ ವಿಂಡೋವನ್ನು ಆರಿಸಿ, ಆಲ್ಟ್-ಸ್ಪೇಸ್ ಒತ್ತಿ, ನಂತರ ಎಂ ಒತ್ತಿ, ಬಾಣದ ಕೀಲಿಗಳಿಂದ ಸರಿಸುತ್ತ ಬಂದರೆ ಅದು ಅಂಚಿನಿಂದ ಇಣುಕುತ್ತದೆ. ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳೊಡನೆ ಎಡ ಅಥವಾ ಬಲ ಬಾಣ ಒತ್ತಿದರೆ ವಿಂಡೋ ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ವಿಂಡೋಸ್ 11ರ ಪ್ರದರ್ಶಕ ಸೆಟ್ಟಿಂಗ್‌ಗಳಲ್ಲಿ ಇದಕ್ಕೆಂದೇ ಎರಡು ಆಯ್ಕೆಗಳಿವೆ: ಮಾನಿಟರ್ ಕಳಚಿದಾಗ ಅದರ ಮೇಲಿದ್ದ ವಿಂಡೋಗಳನ್ನು ಮಿನಿಮೈಸ್ ಮಾಡುವುದು ಒಂದು, ಮಾನಿಟರ್ ಮತ್ತೆ ಜೋಡಿಸಿದಾಗ ಅವನ್ನು ಹಳೆಯ ಜಾಗಕ್ಕೇ ಮರಳಿಸುವುದು ಇನ್ನೊಂದು.